ಕಾಗದ ಇಟ್ಟ ಹೆಕ್ಸಾಗನ್‌ಗಳನ್ನು ಮೆಷಿನ್‌ನಲ್ಲಿ ಜೋಡಿಸಬಹುದಾ?

ಸೂಜಿಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಸಿಂಗಲ್ ಮಂಚಕ್ಕೆ ಒಂದು ಹೆಕ್ಸಾಗನ್ ಕ್ವಿಲ್ಟ್ (ಆರು ಬದಿಯ ಬಟ್ಟೆ ತುಂಡುಗಳನ್ನು ಜೋಡಿಸಿದ ಹೊದಿಕೆ) ಮಾಡುತ್ತಿದ್ದೇನೆ, 60 ಇಂಚು ಅಗಲ, 90 ಇಂಚು ಉದ್ದ. ಕಾಗದದ ಅಚ್ಚಿನ ಮೇಲೆ ಬಟ್ಟೆ ಮಡಚಿ, ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಎರಡೆರಡು ತುಂಡು ಹಿಡಿದು ಅಂಚಿಗೆ ಅಂಚು ಕೈಯಲ್ಲಿ ಹೊಲಿಯುವ ಹಳೇ ಇಂಗ್ಲಿಷ್ ಪದ್ಧತಿ ಇದೆಯಲ್ಲ, ಅದೇ. ಒಂದೊಂದು ಬದಿ 1 ಇಂಚು. ಒಂದು ದೊಡ್ಡ ಚೀಲದ ತುಂಬ ತುಂಡುಗಳು ರೆಡಿ ಇವೆ, ಎಲ್ಲದರಲ್ಲೂ ಕಾಗದ ಒಳಗೇ ಇದೆ.

ಈಗ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿದೆ. ಸೂಜಿ ಹಿಡಿಯುವುದು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಕ್ವಿಲ್ಟ್ ಬಿಡಲು ಮನಸ್ಸಿಲ್ಲ. ಮನೆಯಲ್ಲಿ ಎರಡು ಮೆಷಿನ್ ಇವೆ: ಅಮ್ಮನ ಕಾಲದ ಕಪ್ಪು ತುಳಿಯುವ ಮೆಷಿನ್, ಮತ್ತು ಜಿಗ್‌ಜ್ಯಾಗ್ ಬರುವ ಎಲೆಕ್ಟ್ರಿಕ್ ಮೆಷಿನ್. ಈಗಾಗಲೇ ಮಡಚಿಟ್ಟ ತುಂಡುಗಳನ್ನು ಬಿಚ್ಚದೆ ಮೆಷಿನ್‌ನಲ್ಲೇ ಜೋಡಿಸುವ ದಾರಿ ಇದೆಯಾ? ಹೊಲಿಗೆ ಮೇಲೆ ಕಂಡರೆ ಎಷ್ಟು ಕಾಣುತ್ತದೆ? ಬಾಳಿಕೆ ಬರುತ್ತದಾ?

ಬಾಬಿನ್ ಪೆಟ್ಟಿಗೆ:

ಖಂಡಿತ ಇದೆ. ಬಿಚ್ಚಬೇಡಿ. ನಿಮ್ಮ ಜಿಗ್‌ಜ್ಯಾಗ್ ಮೆಷಿನ್ ಸಾಕು.

ಕೈಯಲ್ಲಿ ಹೊಲಿಯುವಾಗ ಎರಡು ತುಂಡುಗಳ ಮುಖಕ್ಕೆ ಮುಖ ಇಟ್ಟು ಹಿಡಿಯುತ್ತೀರಿ ಅಲ್ವಾ, ಮೆಷಿನ್‌ನಲ್ಲಿ ಹಾಗೆ ಮಾಡಬಾರದು. ಎರಡೂ ತುಂಡುಗಳನ್ನು ಮುಖ ಮೇಲೆ ಮಾಡಿ, ಪಕ್ಕಪಕ್ಕ ಇಟ್ಟು, ಅಂಚು ಅಂಚಿಗೆ ತಾಗಿಸಿ, ಸಂದಿನ ಮೇಲೆ ಸಣ್ಣ ಜಿಗ್‌ಜ್ಯಾಗ್ ಹಾಕಬೇಕು. ಸೂಜಿ ಒಮ್ಮೆ ಎಡ ಅಂಚನ್ನು, ಒಮ್ಮೆ ಬಲ ಅಂಚನ್ನು ಹಿಡಿಯುತ್ತದೆ. ಅಗಲ 1.5 ರಿಂದ 2 ಮಿ.ಮೀ., ಉದ್ದವೂ ಹೆಚ್ಚುಕಡಿಮೆ ಅಷ್ಟೇ ಇಟ್ಟು ಮೊದಲು ಬೇಡದ ತುಂಡುಗಳ ಮೇಲೆ ನೋಡಿ. ಅಗಲ ಜಾಸ್ತಿ ಆದರೆ ಹೊಲಿಗೆ ಎದ್ದು ಕಾಣುತ್ತದೆ, ಕಾಗದಕ್ಕೂ ಜಾಸ್ತಿ ತೂತು ಬೀಳುತ್ತದೆ.

ಹೆಕ್ಸಾಗನ್‌ನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಮೂಲೆ 120 ಡಿಗ್ರಿ, ಮೂರು ತುಂಡು ಸೇರಿದರೆ 360, ಅಂದರೆ ಎಲ್ಲವೂ ಮೇಜಿನ ಮೇಲೆ ಚಪ್ಪಟೆಯಾಗೇ ಕೂರುತ್ತವೆ. ಮೂರನೇ ತುಂಡು ಕೂರಿಸಲು ಯಾವುದನ್ನೂ ಮಡಚಬೇಕಾಗಿಲ್ಲ. ಮೂಲೆಗೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಲಿ, ಫೂಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಎತ್ತಿ, ಬಟ್ಟೆ ತಿರುಗಿಸಿ, ಮುಂದಿನ ಬದಿಯನ್ನು ತಾಗಿಸಿ, ಫೂಟ್ ಇಳಿಸಿ, ಮುಂದುವರಿಸಿ. ಅಷ್ಟೇ. ಶುರುವಿನಲ್ಲೂ ಕೊನೆಯಲ್ಲೂ ಹೊಲಿಗೆ ಉದ್ದವನ್ನು ಸೊನ್ನೆಗೆ ತಂದು ಮೂರ್ನಾಲ್ಕು ಕುತ್ತು ಹಾಕಿ, ಗಂಟು ಬೇಡ.

ಸೂಜಿ 11 ನಂಬರಿಗಿಂತ ದಪ್ಪ ಬೇಡ, 9 ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಕಾಗದ ಸೂಜಿಯ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ, ಹೊಲಿಗೆ ತಪ್ಪಲು ಶುರುವಾದ ತಕ್ಷಣ ಬದಲಾಯಿಸಿ. ಮೇಲಿನ ದಾರ ಪಾರದರ್ಶಕದ್ದು ಹಾಕಿದರೆ ಎರಡು ಅಡಿ ದೂರದಿಂದ ಹೊಲಿಗೆ ಗೊತ್ತಾಗುವುದಿಲ್ಲ. ಅದು ನೈಲಾನ್ ಆಗಿದ್ದರೆ ಇಸ್ತ್ರಿ ಬಿಸಿ ಕಡಿಮೆ ಇರಲಿ, ಇಲ್ಲದಿದ್ದರೆ ಕರಗುತ್ತದೆ. ಪಾಲಿಯೆಸ್ಟರ್ ಪಾರದರ್ಶಕ ದಾರ ಸ್ವಲ್ಪ ಜಾಸ್ತಿ ಬಿಸಿ ತಡೆಯುತ್ತದೆ. ಬಾಬಿನ್‌ಗೆ ಬೂದು ಬಣ್ಣದ ತೆಳು ಹತ್ತಿ ದಾರ, ಬೂದು ಬಹುತೇಕ ಎಲ್ಲ ಬಣ್ಣಕ್ಕೂ ಹೊಂದುತ್ತದೆ.

ಟೈಲರ್ ಮಗಳು:

ನನ್ನ ಅಭಿಪ್ರಾಯ ಬೇರೆ. ಚೀಲದಲ್ಲಿ ಇರುವ ತುಂಡುಗಳಿಗೆ ಜಿಗ್‌ಜ್ಯಾಗ್ ಸರಿ. ಆದರೆ ಇನ್ನೂ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದೀರಾ? 1 ಇಂಚು ಬದಿಯ ಹೆಕ್ಸಾಗನ್ ಅಂದರೆ 2.6 ಚದರ ಇಂಚು. 60 x 90 ತುಂಬಲು 2,000 ಕ್ಕೂ ಜಾಸ್ತಿ ತುಂಡು ಬೇಕು. ಅಷ್ಟನ್ನೂ ಕಾಗದದ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕುವುದೂ ಕೈಯ ಕೆಲಸವೇ, ಅದೇ ಹೆಬ್ಬೆರಳು ತಾನೇ? ಬದಿ 2 ಇಂಚು ಮಾಡಿದರೆ ಸುಮಾರು 520 ತುಂಡು ಸಾಕು. ಅಳತೆ ಎರಡರಷ್ಟು ಆದಾಗ ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ.

ಹೊಸದಾಗಿ ಕತ್ತರಿಸುವವರಿಗೆ ನಾನು ಹೇಳುವುದು: ಕಾಗದವೇ ಬೇಡ. ಅಮ್ಮನ ಕಪ್ಪು ಮೆಷಿನ್ ಇದಕ್ಕೆ ಬಹಳ ಒಳ್ಳೆಯದು. ತುಂಡಿನ ಹಿಂದೆ ಕಾಲು ಇಂಚು ಒಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಗೆರೆಗಳು ಕೂಡುವ ಆರೂ ಮೂಲೆಗೆ ಚುಕ್ಕಿ ಇಡಿ. ಎರಡು ತುಂಡು ಮುಖಕ್ಕೆ ಮುಖ ಇಟ್ಟು ಚುಕ್ಕಿಯಿಂದ ಚುಕ್ಕಿಗೆ ಮಾತ್ರ ಹೊಲಿಯಿರಿ. ಚುಕ್ಕಿ ದಾಟಿ ಒಂದು ಕುತ್ತು ಹೋದರೂ ಮೂರನೇ ತುಂಡು ಕೂರಿಸುವಾಗ ಮೂಲೆಯಲ್ಲಿ ಸುಕ್ಕು ಬೀಳುತ್ತದೆ. ತುಳಿಯುವ ಮೆಷಿನ್‌ನಲ್ಲಿ ಕೊನೆಯ ಎರಡು ಕುತ್ತನ್ನು ಚಕ್ರ ಕೈಯಲ್ಲಿ ತಿರುಗಿಸಿಯೇ ಹಾಕಬಹುದು, ಸರಿಯಾಗಿ ಚುಕ್ಕಿಯ ಮೇಲೆ ನಿಲ್ಲುತ್ತದೆ. ನಮ್ಮ ಅಪ್ಪ ಕಾಲರ್ ಮೂಲೆಯನ್ನು ತಿರುಗಿಸುತ್ತಿದ್ದದ್ದು ಹೀಗೇ.

ಮೂರನೇ ತುಂಡಿಗೆ ಮೊದಲ ಬದಿ ಹೊಲಿದು, ಚುಕ್ಕಿಯಲ್ಲಿ ನಿಲ್ಲಿಸಿ, ದಾರ ಕತ್ತರಿಸಿ, ಉಳಿದ ಮಾರ್ಜಿನ್ (ಗೆರೆಯ ಆಚೆಗಿನ ಬಟ್ಟೆ) ಎಲ್ಲ ಬೆರಳಿನಿಂದ ಆಚೆ ಸರಿಸಿ, ಎರಡನೇ ಬದಿಯನ್ನು ಬೇರೆಯಾಗಿ ಹೊಲಿಯಿರಿ. ಒಂದೇ ಉಸಿರಿಗೆ ತಿರುಗಿಸಿ ಹೊಲಿಯುವುದು ಕೈ ಪಳಗಿದ ಮೇಲೆ ಸಾಕು. ಚುಕ್ಕಿಯಲ್ಲೇ ನಿಲ್ಲಿಸಿದ್ದರೆ ಹಿಂದಿನ ಮಾರ್ಜಿನ್‌ಗಳನ್ನು ಒಂದೇ ದಿಕ್ಕಿಗೆ, ಗಡಿಯಾರದ ಮುಳ್ಳಿನ ಹಾಗೆ ಸುತ್ತಾಗಿ ಇಸ್ತ್ರಿ ಮಾಡಬಹುದು, ಮೂಲೆಯಲ್ಲಿ ಗಡ್ಡೆ ಕಟ್ಟುವುದಿಲ್ಲ. ಇಲ್ಲಿ ಬಟ್ಟೆ ಬಟ್ಟೆಗೆ ಸೇರಿರುತ್ತದೆ, ಮಾರ್ಜಿನ್ ಕಾಲು ಇಂಚು ಇರುತ್ತದೆ. ಬಾಳಿಕೆಯಲ್ಲಿ ಜಿಗ್‌ಜ್ಯಾಗ್‌ಗಿಂತ ಇದೇ ಗಟ್ಟಿ ಅಂತ ನಾನು ನಂಬುತ್ತೇನೆ.

ಒಂದು ಮಾತು, ಕತ್ತರಿಸುವಾಗ ಹೆಕ್ಸಾಗನ್‌ನ ಎರಡು ಬದಿಯಾದರೂ ಬಟ್ಟೆಯ ನೇರ ಎಳೆಗೆ ಇರಲಿ. ಉಳಿದ ನಾಲ್ಕು ಹೇಗೂ ಕ್ರಾಸ್ ಬೀಳುತ್ತವೆ, ಎಳೆದರೆ ಉದ್ದ ಆಗುತ್ತವೆ. ಹಳೇ ಕಾಟನ್ ಸೀರೆ ಬಟ್ಟೆಯಾದರೆ ಕತ್ತರಿಸುವ ಮೊದಲು ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿ. ಗಂಜಿ ಇಲ್ಲದ ಮೆತ್ತನೆ ಸೀರೆಯಲ್ಲಿ ಚುಕ್ಕಿಗೆ ಚುಕ್ಕಿ ಕೂಡಿಸುವುದು ಕಷ್ಟ.

ಲೀಡ್ಸ್ ಕನ್ನಡತಿ:

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಕಾಗದದ ಮೇಲೆ ಹೊಲಿಯುವವರು ಈಗಲೂ ಬಹಳ ಜನ ಇದ್ದಾರೆ, ಮೆಷಿನ್ ಅಂದರೆ ಕೆಲವರು ಒಪ್ಪುವುದಿಲ್ಲ. ಇಲ್ಲಿನ ಕ್ವಿಲ್ಟರ್ಸ್ ಗಿಲ್ಡ್ ಅನ್ನುವ ಕ್ವಿಲ್ಟ್ ಹೊಲಿಯುವವರ ಸಂಘದ ಸಂಗ್ರಹದಲ್ಲಿ 1718 ಇಸವಿ ಹಾಕಿರುವ ಒಂದು ರೇಷ್ಮೆ ತೇಪೆ ಹೊದಿಕೆ ಇದೆ. ಕಾಗದದ ಮೇಲೆ ಕೈಯಲ್ಲಿ ಹೊಲಿದದ್ದು, ಕಾಗದಗಳು ಇನ್ನೂ ಒಳಗೇ ಇವೆ. ಅದನ್ನು ಓದಿದಾಗ ನನಗೂ ಕೈಹೊಲಿಗೆಯ ಮೇಲೆ ಗೌರವ ಜಾಸ್ತಿ ಆಯಿತು. ಆದರೆ ಆ ಕಾಲದಲ್ಲಿ ಮನೆಯಲ್ಲಿ ಮೆಷಿನ್ ಇರಲಿಲ್ಲ, ಹೊಲಿಗೆ ಮೆಷಿನ್ ಮನೆಗಳಿಗೆ ಬಂದದ್ದೇ 1850ರ ನಂತರ. ಕೈ ನೋಯುವವರು ಮೆಷಿನ್ ಬಳಸಿದರೆ ಅದರಲ್ಲಿ ಕಡಿಮೆ ಏನೂ ಇಲ್ಲ. ಅಮೆರಿಕದಲ್ಲಿ 1920, 30ರ ದಶಕದಲ್ಲಿ ಮನೆಮನೆಯಲ್ಲೂ ಮಾಡುತ್ತಿದ್ದ 'ಅಜ್ಜಿಯ ಹೂದೋಟ' ವಿನ್ಯಾಸವೂ ಇದೇ ಹೆಕ್ಸಾಗನ್, ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು.

ನೀವು ಹೂವು ಮಾಡುತ್ತಿದ್ದರೆ ಒಂದು ಸಲಹೆ. ಕೈಹೊಲಿಗೆಯಲ್ಲಿ ಒಂದೊಂದು ಹೂವು ಮುಗಿಸಿ ಆಮೇಲೆ ಹೂವಿಗೆ ಹೂವು ಸೇರಿಸುತ್ತೇವೆ. ಮೆಷಿನ್‌ಗೆ ಅದು ಒಗ್ಗುವುದಿಲ್ಲ, ಸುತ್ತ ತಿರುವುಗಳೇ ಜಾಸ್ತಿ. ಎಲ್ಲ ತುಂಡುಗಳನ್ನು ಹಳೇ ಬೆಡ್‌ಶೀಟ್ ಮೇಲೆ ಹೂವಿನ ಆಕಾರದಲ್ಲೇ ಜೋಡಿಸಿ, ಫೋಟೋ ತೆಗೆದು, ಸಾಲಿನ ಲೆಕ್ಕದಲ್ಲಿ ಎತ್ತಿ ದಾರಕ್ಕೆ ಪೋಣಿಸಿ ಚೀಟಿ ಕಟ್ಟಿ. ಒಂದು ಸಾಲು ಅಂದರೆ ಪಕ್ಕಪಕ್ಕದ ನೇರ ಬದಿಗಳು ಸೇರಿದ್ದು. ನಿಮ್ಮ ಅಳತೆಗೆ ಸಾಲಿಗೆ ಸುಮಾರು 35 ತುಂಡು, ಒಟ್ಟು 60 ಸಾಲು. ಮೊದಲು ಸಾಲು ಹೊಲಿದು, ಆಮೇಲೆ ಸಾಲಿಗೆ ಸಾಲು, ಮೇಲೆ ಕೆಳಗೆ ತಿರುಗುತ್ತಾ ಹೋಗುವ ಒಂದೇ ಹೊಲಿಗೆ. ಹೂವು ತಾನಾಗೇ ಕೂಡಿಕೊಳ್ಳುತ್ತದೆ.

ಸೂಜಿಮಲ್ಲಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಬಾಬಿನ್ ಪೆಟ್ಟಿಗೆ ಅವರು ಹೇಳಿದ ಹಾಗೆ ಒಂದು ಹೂವು ಮಾಡಿ ನೋಡಿದೆ, ನಿಜವಾಗಲೂ ಚಪ್ಪಟೆಯಾಗಿ ಬಂತು, ಬಹಳ ಖುಷಿಯಾಯಿತು. ಆದರೆ ಎರಡು ಕಡೆ ಸಂದಿ ಬಾಯಿ ಬಿಟ್ಟಿದೆ, ಸೂಜಿ ಒಂದು ಅಂಚನ್ನು ಹಿಡಿದೇ ಇಲ್ಲ. ಕಚ್ಚಾ ಹೊಲಿಗೆಯ ದಾರವೂ ಫೂಟ್‌ಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಕಾಗದ ಯಾವಾಗ ತೆಗೆಯಬೇಕು? 35 ತುಂಡಿನ ಸಾಲು ಕಾಗದದ ಸಮೇತ ಬಿರುಸಾಗಿ ನಿಲ್ಲುತ್ತದೆ, ಮೆಷಿನ್ ಒಳಗೆ ತೂರುವುದು ಹೇಗೆ?

ಬಾಬಿನ್ ಪೆಟ್ಟಿಗೆ:

ಸಂದಿ ಬಿಡುವುದಕ್ಕೆ ಬಹುತೇಕ ಒಂದೇ ಕಾರಣ, ಮಡಿಕೆ ಕಾಗದಕ್ಕೆ ಬಿಗಿಯಾಗಿ ಕೂತಿಲ್ಲ. ಕೈಹೊಲಿಗೆಯಲ್ಲಿ ಅದು ನಡೆಯುತ್ತದೆ, ಬೆರಳು ಸರಿ ಮಾಡಿಕೊಳ್ಳುತ್ತದೆ. ಮೆಷಿನ್ ಹಾಗಲ್ಲ. ಹೊಲಿಯುವ ಮೊದಲು ಪ್ರತಿ ತುಂಡನ್ನೂ ಹಿಂದಿನಿಂದ ಬಿಸಿ ಇಸ್ತ್ರಿಯಲ್ಲಿ ಒತ್ತಿ. ಈ ಹಂತದಲ್ಲಿ ಪಾರದರ್ಶಕ ದಾರ ಇನ್ನೂ ಇಲ್ಲ, ಬಿಸಿ ಜಾಸ್ತಿ ಇಟ್ಟರೂ ಪರವಾಗಿಲ್ಲ. ಹೊಸ ತುಂಡುಗಳಿಗೆ ಕಚ್ಚಾ ಹೊಲಿಗೆ ಬಿಟ್ಟು ನೀರಲ್ಲಿ ಕರಗುವ ಗ್ಲೂ ಸ್ಟಿಕ್ ಬಳಸಿ. ಅಂಚಿನಿಂದ ಸ್ವಲ್ಪ ಒಳಗೆ ತೆಳ್ಳಗೆ ಸವರಿ, ಅಂಚಿಗೇ ಸವರಿದರೆ ಸೂಜಿಗೆ ಅಂಟು ಮೆತ್ತಿಕೊಳ್ಳುತ್ತದೆ. ಹೆಬ್ಬೆರಳಿಗೂ ಆರಾಮ.

ನಡುವೆ ತೆಳು ಪಟ್ಟಿ ಇರುವ ಅಂಚು ಜೋಡಿಸುವ ಫೂಟ್ ಸಿಗುತ್ತದೆ, ಆ ಪಟ್ಟಿಯನ್ನು ಸಂದಿನ ಮೇಲೆ ಓಡಿಸಿದರೆ ಸೂಜಿ ಅತ್ತಿತ್ತ ಹೋಗುವುದಿಲ್ಲ. ಅದು ಇಲ್ಲದಿದ್ದರೆ ಮುಂದೆ ತೆರೆದಿರುವ ಫೂಟ್ ಹಾಕಿ, ಸಂದಿ ಕಣ್ಣಿಗೆ ಕಾಣಬೇಕು, ಅದು ಮುಖ್ಯ.

ಕಾಗದದ ವಿಷಯಕ್ಕೆ ಬಂದರೆ, ಸುತ್ತ ಆರೂ ಬದಿ ಸೇರಿದ ತುಂಡಿನ ಕಾಗದವನ್ನು ತೆಗೆಯಬಹುದು, ತೆಗೆಯಲೇಬೇಕು. ಇನ್ನೂ ಒಂದು ಬದಿ ಖಾಲಿ ಇದ್ದರೆ ಬಿಡಿ, ಆ ಮಡಿಕೆಗೆ ಆಧಾರ ಅದೇ. ಮೂರನೇ ಸಾಲು ಸೇರಿದ ಕೂಡಲೇ ಎರಡನೇ ಸಾಲಿನ ಕಾಗದ ಬಿಡಿಸುತ್ತಾ ಹೋಗಿ, ಹೊದಿಕೆ ಮೆತ್ತಗೇ ಇರುತ್ತದೆ. 60 ಸಾಲನ್ನೂ ಒಂದೇ ತುಂಡಾಗಿ ಬೆಳೆಸಬೇಡಿ. ಹತ್ತು ಹತ್ತು ಸಾಲಿನ ಆರು ಭಾಗ ಮಾಡಿ, ಕೊನೆಗೆ ಐದೇ ಉದ್ದ ಹೊಲಿಗೆ ಉಳಿಯುತ್ತವೆ. ಮೆಷಿನ್ ತೋಳಿನ ಒಳಗೆ ಹೋಗುವ ಭಾಗವನ್ನು ಸುರುಳಿ ಸುತ್ತಿಕೊಳ್ಳಿ. ಎಡಗಡೆ ಒಂದು ಮೇಜು ಇಟ್ಟು ಉಳಿದ ಭಾರ ಅದರ ಮೇಲೆ ಇರಲಿ, ಬಟ್ಟೆ ಕೆಳಗೆ ಜೋತುಬಿದ್ದರೆ ಸಂದಿ ಮತ್ತೆ ಬಿಡುತ್ತದೆ.

ಚಿಂದಿ ಚೀಲ:

ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ, ಅರ್ಧ ಹೆಕ್ಸಾಗನ್ ಕೂಡ ಇದೆ. ಹೆಕ್ಸಾಗನ್ ಅನ್ನು ಮೂಲೆಯಿಂದ ಮೂಲೆಗೆ ಎರಡು ಮಾಡಿದರೆ ಸಿಗುವ ಆಕಾರದಲ್ಲಿ ಕತ್ತರಿಸಿ, ಸಾಲಾಗಿ ಹೊಲಿದು, ಸಾಲಿಗೆ ಸಾಲು ಸೇರಿಸುವುದು. ಎಲ್ಲಾ ನೇರ ಹೊಲಿಗೆ, ಚುಕ್ಕಿಯೂ ಇಲ್ಲ, ತಿರುವೂ ಇಲ್ಲ. 2 ಇಂಚು ಬದಿಯದಾದರೆ ಅರ್ಧ ಹೆಕ್ಸಾಗನ್ ಎತ್ತರ ಸುಮಾರು ಒಂದೂಮುಕ್ಕಾಲು ಇಂಚು, ಮೇಲೆ ಕೆಳಗೆ ಕಾಲು ಕಾಲು ಇಂಚು ಮಾರ್ಜಿನ್ ಸೇರಿ ಎರಡೂಕಾಲು ಇಂಚಿನ ಪಟ್ಟಿ ಸಾಕು. ಪ್ರತಿ ಹೆಕ್ಸಾಗನ್‌ನ ಮಧ್ಯೆ ಒಂದು ಹೊಲಿಗೆ ಬರುತ್ತದೆ, ಪ್ರಿಂಟ್ ಬಟ್ಟೆಯಲ್ಲಿ ಗೊತ್ತಾಗುವುದಿಲ್ಲ, ಪ್ಲೇನ್ ಬಟ್ಟೆಯಲ್ಲಿ ಗೊತ್ತಾಗುತ್ತದೆ. ಮೊದಲ ಸಲ ಮೆಷಿನ್‌ನಲ್ಲಿ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸೂಜಿಮಲ್ಲಿಗೆ ಅವರ ಚೀಲಕ್ಕೆ ಇದು ಉಪಯೋಗ ಇಲ್ಲ, ಓದುವ ಬೇರೆಯವರಿಗೆ ಇರಲಿ.

ಬಾಳಿಕೆ ಬಗ್ಗೆ ಕೇಳಿದ್ದಿರಿ. ಜಿಗ್‌ಜ್ಯಾಗ್ ಹಾಕಿದ್ದರಲ್ಲಿ ಎರಡು ಮಡಿಕೆಗಳನ್ನು ಹಿಡಿದಿರುವುದು ಬರೀ ದಾರ. ಹಾಗಾಗಿ ಒಳಹಾಸು, ಅಸ್ತರಿ ಇಟ್ಟ ಮೇಲೆ ಮೂರೂ ಪದರ ಸೇರಿಸಿ ಒತ್ತಾಗಿ ಹೊಲಿಯಲೇಬೇಕು, ದೂರ ದೂರ ನಾಲ್ಕು ಗೆರೆ ಹಾಕಿ ಬಿಟ್ಟರೆ ಒಗೆತಕ್ಕೆ ನಿಲ್ಲುವುದಿಲ್ಲ. ನಮ್ಮ ಕಡೆ ಕೌದಿಗೆ ಹಾಕುವ ದಬ್ಬಣದ ಸಾಲು ಹೊಲಿಗೆ ಇಲ್ಲಿ ಬಹಳ ಚೆನ್ನಾಗಿ ಒಪ್ಪುತ್ತದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯಲ್ಲಿ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಒಂದೊಂದು ತುಂಡೂ ಎಷ್ಟೋ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬಟ್ಟೆ ಹಳೆಯದಾದರೂ ಕೌದಿ ಗಟ್ಟಿಯಾಗಿರುವುದು ಆ ಒತ್ತು ಹೊಲಿಗೆಯಿಂದಲೇ. ಆದರೆ ನಿಮ್ಮ ಕೈಗೆ ಅದೂ ಭಾರ, ಮೆಷಿನ್‌ನಲ್ಲೇ ಒಂದೂವರೆ ಇಂಚಿಗೊಂದು ಉದ್ದ ಗೆರೆ ಹಾಕಿ, ತುಂಡುಗಳನ್ನು ದಾಟಿಕೊಂಡೇ ಹೋಗಲಿ. ಕೈಹೊಲಿಗೆ ಬೇಕೇ ಬೇಕು ಅನಿಸಿದರೆ ಹೂವಿನ ನಡುವಿನ ತುಂಡುಗಳಿಗೆ ಮಾತ್ರ ಇಟ್ಟುಕೊಳ್ಳಿ.

ಸೂಜಿಮಲ್ಲಿಗೆ:

ಒಳ್ಳೆಯ ವಿಚಾರ, ನಡುವಿನ ಹಳದಿ ತುಂಡುಗಳಿಗೆ ಮಾತ್ರ ಕೈಹೊಲಿಗೆ ಇಡುತ್ತೇನೆ. ಕೊನೆಯ ಪ್ರಶ್ನೆ, ನಾಲ್ಕೂ ಅಂಚು ಅಂಕುಡೊಂಕಾಗಿ ಉಳಿಯುತ್ತದಲ್ಲ, ಬೈಂಡಿಂಗ್ (ಅಂಚಿಗೆ ಪಟ್ಟಿ ಹಾಕುವುದು) ಹೇಗೆ?

ಟೈಲರ್ ಮಗಳು:

ಅಂಕುಡೊಂಕಿಗೇ ಬೈಂಡಿಂಗ್ ಹಾಕಲು ಹೋಗಬೇಡಿ, ಕೈ ಸೋಲುತ್ತದೆ. ಎರಡು ದಾರಿ ಇವೆ. ಅಂಚಿನ ಸಾಲನ್ನು ಸ್ಕೇಲ್ ಇಟ್ಟು ನೇರ ಕತ್ತರಿಸಿ ಮಾಮೂಲಿ ಬೈಂಡಿಂಗ್ ಹಾಕುವುದು ಒಂದು. ಆಗ ಕತ್ತರಿಸುವ ಮೊದಲೇ ಆ ಗೆರೆಯ ಒಳಗೆ ಒಂದು ನೇರ ಹೊಲಿಗೆ ಓಡಿಸಿ, ಇಲ್ಲದಿದ್ದರೆ ಜಿಗ್‌ಜ್ಯಾಗ್ ಬಿಚ್ಚಿಕೊಳ್ಳುತ್ತದೆ. ಇನ್ನೊಂದು, ನಾಲ್ಕು ಇಂಚು ಅಗಲದ ಪ್ಲೇನ್ ಬಟ್ಟೆಯ ಬಾರ್ಡರ್ ಮೇಲೆ ಹೆಕ್ಸಾಗನ್ ಅಂಚನ್ನು ಹಾಗೇ ಇಟ್ಟು, ಅದೇ ಸಣ್ಣ ಜಿಗ್‌ಜ್ಯಾಗ್‌ನಲ್ಲಿ ಕೂರಿಸಿ, ಹಿಂದಿನಿಂದ ಹೆಚ್ಚಾದ ಬಾರ್ಡರ್ ಬಟ್ಟೆ ಕತ್ತರಿಸಿ ಅಂಚಿನ ಕಾಗದ ತೆಗೆಯುವುದು. ನಿಮ್ಮ ತುಂಡುಗಳ ಅಂಚು ಆಗಲೇ ಮಡಚಿದೆ, ಹಾಗಾಗಿ ನಿಮಗೆ ಎರಡನೆಯದೇ ಸುಲಭ. ಬಾರ್ಡರ್ ಬಟ್ಟೆಯನ್ನು ಮೊದಲೇ ಒಗೆದುಕೊಳ್ಳಿ, ಗಾಢ ಬಣ್ಣದ್ದಾದರೆ ಎರಡು ಸಲ.