ಅಪ್‌ಡೇಟ್: ಕಾರಿಲ್ಲದೆ ಹೈಕ್ಲಿಯರ್ ಕ್ಯಾಸಲ್ ನೋಡಿ ಬಂದೆವು
ಹೋದ ವಾರ ಕೇಳಿದ್ದೆನಲ್ಲ, 'ಡೌನ್‌ಟನ್ ಆ್ಯಬಿ' ಅನ್ನುವ ಬ್ರಿಟಿಷ್ ಟಿವಿ ಧಾರಾವಾಹಿಯಲ್ಲಿ ಕಾಣುವ ಇಂಗ್ಲೆಂಡಿನ ಬಂಗಲೆ ಹೈಕ್ಲಿಯರ್ ಕ್ಯಾಸಲ್‌ಗೆ ಕಾರಿಲ್ಲದೆ ಅಮ್ಮನನ್ನು ಕರೆದುಕೊಂಡು ಹೋಗುವುದು ಹೇಗೆ ಅಂತ. ಲಂಡನ್ ಪ್ಯಾಡಿಂಗ್ಟನ್‌ನಿಂದ ಹತ್ತಿರದ ಊರು ನ್ಯೂಬರಿಗೆ ರೈಲು, ಅಲ್ಲಿಂದ ಟ್ಯಾಕ್ಸಿ ಅಂದವರ ಮಾತೇ ಸರಿ ಹೋಯಿತು. ಬಸ್ಸಿನ ಸಲಹೆ ಕೈಕೊಟ್ಟಿತು, ಸುಮ್ನೆ ಮುಕ್ಕಾಲು ಗಂಟೆ ಕಾದೆವು. ವಾಪಸ್ ಟ್ಯಾಕ್ಸಿಯನ್ನೂ ಬೆಳಗ್ಗೆಯೇ ಹೇಳಿಡಿ. ವರ್ಷವಿಡೀ ತೆರೆದಿರುವುದಿಲ್ಲ, ಟಿಕೆಟ್ ಮುಂಚೆಯೇ ತೆಗೆದುಕೊಂಡಿದ್ದು ಒಳ್ಳೆಯದಾಯಿತು.

ಅಮ್ಮ ಧಾರಾವಾಹಿಯಲ್ಲಿ ಬರುವ ಆ ಅಡುಗೆಮನೆ ಎಲ್ಲಿ ಅಂತ ಹುಡುಕಿದ್ದೇ ಹುಡುಕಿದ್ದು. ಅದು ಇಲ್ಲಿ ಇಲ್ಲವೇ ಇಲ್ಲ, ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಹಾಕಿದ್ದ ಸೆಟ್ ಅಂತೆ! ಇಲ್ಲಿನ ನೆಲಮಾಳಿಗೆಯಲ್ಲಿರುವುದು ಈಜಿಪ್ಟ್ ಪ್ರದರ್ಶನ. 1922ರಲ್ಲಿ ಪ್ರಾಚೀನ ಈಜಿಪ್ಟಿನ ರಾಜ ಟುಟಾಂಖಾಮನ್‌ನ ಸಮಾಧಿ ಪತ್ತೆ ಮಾಡಿದ ಪುರಾತತ್ವಜ್ಞ ಹೋವರ್ಡ್ ಕಾರ್ಟರ್‌ಗೆ ದುಡ್ಡು ಹಾಕಿದ್ದ ಕಾರ್ನಾರ್ವನ್‌ನ ಐದನೇ ಅರ್ಲ್ (ಅರ್ಲ್ ಅಂದರೆ ಬ್ರಿಟಿಷ್ ಶ್ರೀಮಂತರ ಒಂದು ಪದವಿ) ಇದೇ ಮನೆಯವರು. ಅಮ್ಮನಿಗೆ ಧಾರಾವಾಹಿಗಿಂತ ಅದೇ ಜಾಸ್ತಿ ಹಿಡಿಸಿತು.