3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ರೆ ಗಿಟ್ಟುತ್ತಾ?

ಪ್ರಶ್ನೆ:
ಮೈಸೂರು, ಸ್ವಂತ ಮನೆ, ಆರ್‌ಸಿಸಿ ತಾರಸಿ. ತಿಂಗಳಿಗೆ 300 ಯೂನಿಟ್ ಬಳಕೆ. ದಕ್ಷಿಣಕ್ಕೆ ಪಕ್ಕದ ಮನೆಯವರ ತೆಂಗಿನಮರ ಇದೆ. ಎಷ್ಟು ಕಿಲೋವ್ಯಾಟ್ ಬೇಕು? ಕರೆಂಟ್ ಹೋದಾಗ ಉಪಯೋಗಕ್ಕೆ ಬರುತ್ತಾ?

ಉತ್ತರ 1:
ನಮ್ಮ ಕಡೆ 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಲೆಕ್ಕ ಹಿಡೀರಿ, ಮಳೆಗಾಲದಲ್ಲಿ ಕಡಿಮೆ. ನಿಮಗೆ 3 ಸಾಕು, ನೆರಳಿಲ್ಲದ 300 ಚದರಡಿ ಜಾಗ ಬೇಕು. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 3 ಕಿಲೋವ್ಯಾಟ್‌ಗೆ ₹78,000. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಕೊಟೇಶನ್‌ನಲ್ಲಿ 'ಡಿಸಿಆರ್ ಪ್ಯಾನೆಲ್' (ಸೆಲ್ ಸಮೇತ ಭಾರತದಲ್ಲೇ ತಯಾರಾದದ್ದು) ಅಂತ ಬರೆಸಿಕೊಳ್ಳಿ, ಇಲ್ಲದಿದ್ದರೆ ಸಬ್ಸಿಡಿ ಸಿಗಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗಾದರೆ ನಾನು ಬೇಡ ಅಂತಲೇ ಹೇಳ್ತೀನಿ, ಉಳಿಸೋಕೆ ಬಿಲ್ಲೇ ಇಲ್ಲವಲ್ಲ!

ಉತ್ತರ 2:
ಮೊದಲು ಆ ತೆಂಗಿನಮರ ನೋಡಿ ಸರ್. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ನೆರಳು ಉದ್ದ. ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಎಲ್ಲಿ ಬೀಳುತ್ತೆ ಅಂತ ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪ್ಯಾನೆಲ್ ಒಳಗಿನ ಸೆಲ್‌ಗಳು ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ, ಒಂದು ಗರಿಯ ನೆರಳು ಅಡ್ಡ ಬಿದ್ದರೂ ಆ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು. ಜಾಗ ಬದಲಿಸಲು ಆಗದಿದ್ದರೆ ಮೈಕ್ರೋ ಇನ್ವರ್ಟರ್ (ಪ್ಯಾನೆಲ್‌ಗೊಂದರಂತೆ ಪುಟ್ಟ ಇನ್ವರ್ಟರ್) ಕೇಳಿ, ಖರ್ಚು ಹೆಚ್ಚು.

ಉತ್ತರ 3:
ಕರೆಂಟ್ ಹೋದರೆ ಆನ್‌ಗ್ರಿಡ್ ಇನ್ವರ್ಟರ್ (ಬ್ಯಾಟರಿ ಇಲ್ಲದೆ ಕರೆಂಟ್ ಲೈನ್‌ಗೇ ಜೋಡಿಸಿದ್ದು) ಕೂಡ ಆಫ್ ಆಗುತ್ತೆ. ನಿಮ್ಮ ಸೋಲಾರ್ ಕರೆಂಟ್ ಹೊರಗಿನ ತಂತಿಗೆ ಹರಿಯದೆ, ಅಲ್ಲಿ ಕೆಲಸ ಮಾಡುವ ಲೈನ್‌ಮ್ಯಾನ್ ಜೀವ ಉಳಿಯಲಿ ಅಂತಲೇ ಹಾಗೆ ಮಾಡಿರೋದು. ಬ್ಯಾಕಪ್ ಬೇಕಿದ್ದರೆ ಬ್ಯಾಟರಿಯಿಂದಲೂ ನಡೆಯುವ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಬ್ಯಾಟರಿ ಹಾಕಿಸಬೇಕು.

ಇನ್ನೊಂದು, ತಾರಸಿ ಕೊರೆದು ಬೋಲ್ಟ್ ಹಾಕಲು ಬಿಡಬೇಡಿ, ಸೋರುತ್ತೆ. ಕಾಂಕ್ರೀಟ್ ಪೀಠ ಕಟ್ಟಿಸಿ. ಡಿಸಿ (ಪ್ಯಾನೆಲ್ ಕಡೆ), ಎಸಿ (ಮನೆ ಕರೆಂಟ್ ಕಡೆ), ಮಿಂಚುಬಂಧಕ ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ಗುಂಡಿ ಇರಲಿ.