ಅತ್ತೆಯನ್ನು ನೋಡಿಕೊಳ್ಳಲು ಹೋಂ ನರ್ಸ್ ಬೇಕು, ಏನೇನು ವಿಚಾರಿಸಬೇಕು?

ಪ್ರಶ್ನೆ, ಹಾಸನ:
ನಮ್ಮ ಅತ್ತೆಗೆ 78 ವರ್ಷ. ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಆಗಿದೆ, ಈ ವಾರ ಮನೆಗೆ ಕಳಿಸುತ್ತಾರೆ. ಶುಗರ್ ಇದೆ, ಬೆಳಿಗ್ಗೆ, ರಾತ್ರಿ ಇನ್ಸುಲಿನ್ ಬೇಕು. ಮನೆ ಸಾಲಗಾಮೆ ರಸ್ತೆ ಕಡೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಎರಡು ಏಜೆನ್ಸಿಯವರು 24 ಗಂಟೆಗೂ ಟ್ರೈನಿಂಗ್ ಆದ ಹೋಂ ನರ್ಸ್ ಕೊಡುತ್ತೇವೆ ಅನ್ನುತ್ತಾರೆ. ಏನು ಟ್ರೈನಿಂಗ್ ಅಂತ ಕೇಳಿದರೆ ಮಾತು ಮರೆಸುತ್ತಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ನಿವೃತ್ತ ಸ್ಟಾಫ್ ನರ್ಸ್, ಹಾಸನ:
ನೋಡಿ ತಂಗಿ, ಮನೆಗೆ ಬರುವವರಲ್ಲಿ ಮೂರು ಥರದವರು ಇದ್ದಾರೆ. ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಓದಿದವರು ಒಬ್ಬರು. ಇವರಿಗೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ಪಡೆಯಿರಿ. ಎರಡನೆಯವರು ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಥವಾ ಹೋಂ ಹೆಲ್ತ್ ಏಡ್ ಅಂತ ಕೆಲವು ತಿಂಗಳ ಕೋರ್ಸ್ ಮಾಡಿದವರು. ಸ್ನಾನ, ಡೈಪರ್, ಮಗ್ಗುಲು ಬದಲಿಸುವುದು, ಬಿಪಿ ನೋಡುವುದು ಇವರಿಗೆ ಗೊತ್ತಿರುತ್ತದೆ. ಇನ್ನು ಕೆಲವರು ಕೆಲಸ ಮಾಡುತ್ತಲೇ ಕಲಿತವರು. ಇವರಲ್ಲೂ ತುಂಬಾ ಒಳ್ಳೆಯ ಕೈಗಳನ್ನು ನೋಡಿದ್ದೇನೆ. ಆದರೆ ಕ್ಯಾತಿಟರ್ ಅಂದರೆ ಮೂತ್ರದ ನಳಿಗೆ ಬದಲಿಸುವುದು, ಮೂಗಿನ ನಳಿಗೆ ಹಾಕುವುದು, ಆಪರೇಷನ್ ಗಾಯದ ಡ್ರೆಸ್ಸಿಂಗ್, ಇದಕ್ಕೆಲ್ಲ ನರ್ಸ್ ಓದಿದವರೇ ಬೇಕು.

ಮನೆ ಸೇವೆ ಕೊಡುವ ಸಂಸ್ಥೆಗಳಿಗೆ ನೋಂದಣಿ, ಕನಿಷ್ಠ ಗುಣಮಟ್ಟ ಇರಬೇಕು ಎಂದು 2019ರಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಮಂಡಿಸಿದ್ದರು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಗೆ ತಿದ್ದುಪಡಿ ಅದು. ಕಾನೂನಾಗುವ ಮೊದಲೇ ಆ ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು. ಹಾಗಾಗಿ ಯಾರೋ ಪರೀಕ್ಷೆ ಮಾಡಿಯೇ ಕಳಿಸಿರುತ್ತಾರೆ ಎಂದು ನಂಬಿ ಕೂರಬೇಡಿ. ನಿಮ್ಮ ಮನೆಯ ನಿಯಮ ನೀವೇ ಬರೆದಿಡಬೇಕು.

ಕಾಲು ಊರಬಹುದಾ, ಎಷ್ಟು ಭಾರ ಹಾಕಬಹುದು, ಹೇಗೆ ಕೂರಬಾರದು, ಇದನ್ನು ಡಿಸ್ಚಾರ್ಜ್ ಆಗುವಾಗಲೇ ಮೂಳೆ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಹೋಂ ನರ್ಸ್ ಬಂದ ದಿನ ನಿಮ್ಮೆದುರೇ ಮಂಚದಿಂದ ಕುರ್ಚಿಗೆ ಕೂರಿಸಲು ಹೇಳಿ. ಕಂಕುಳಿಗೆ ಕೈ ಹಾಕಿ ಎಳೆದೆತ್ತಿದರೆ ಸರ್ಟಿಫಿಕೇಟ್ ಏನೇ ಇರಲಿ, ಅವರು ಸರಿಯಾಗಿ ಕಲಿತಿಲ್ಲ. ಮಲಗಿದಾಗ ಎರಡು ಗಂಟೆಗೊಮ್ಮೆ ಭಂಗಿ ಬದಲಾಗಬೇಕು. ಯಾವ ಕಡೆ ಮಲಗಿಸಬಹುದು ಎನ್ನುವುದನ್ನೂ ಡಾಕ್ಟರನ್ನೇ ಕೇಳಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡಬೇಕು. ಸಂಜೆ ಬಂದ ಮೇಲೆ ನೀವೇ ದೀಪ ಹಾಕಿ ಬೆನ್ನಿನ ಕೆಳಭಾಗ, ಹಿಮ್ಮಡಿ ನೋಡಿ. ಬೆರಳಲ್ಲಿ ಒತ್ತಿದರೂ ಹೋಗದ ಕೆಂಪು ಕಂಡರೆ ಅದೇ ಮಲಗಿ ಮಲಗಿ ಆಗುವ ಹುಣ್ಣಿನ, ಅಂದರೆ ಬೆಡ್ ಸೋರಿನ ಶುರು. ಹಗಲೆಲ್ಲ ಆರೈಕೆ ಹೇಗಿತ್ತು ಎಂದು ತಿಳಿಯಲು ನನಗೆ ಗೊತ್ತಿರುವ ಅತಿ ನಂಬಿಕೆಯ ದಾರಿ ಇದು.

ಇನ್ಸುಲಿನ್ ಎರಡು ಹೊತ್ತೂ ನೀವೇ ಕೊಡಿ, ಹೇಗೂ ಆಗ ಮನೆಯಲ್ಲೇ ಇರುತ್ತೀರಲ್ವಾ? ಆದರೆ ಹಗಲು ಇರುವವರಿಗೆ ಶುಗರ್ ಇಳಿದಾಗ ಏನಾಗುತ್ತದೆ ಎಂದು ಗೊತ್ತಿರಲೇಬೇಕು. ಬೆವರು, ನಡುಕ, ಏನೇನೋ ಮಾತು. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದು, ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಚಿಕ್ಕಮಗಳೂರಿನಿಂದ:
ನಮ್ಮ ತಂದೆಯ ವಿಷಯ ಹೇಳುತ್ತೇನೆ. ಅವರು ಹಗಲೂ ತೂಕಡಿಸಲು ಶುರು ಮಾಡಿದರು. ವಯಸ್ಸಾಯಿತು, ಹಾಗೇ ಇರುತ್ತದೆ ಅಂದರು ಏಜೆನ್ಸಿಯವರು. ಮಾತ್ರೆ ಪಟ್ಟಿ ಎಣಿಸಿದಾಗ ನಿದ್ದೆ ಮಾತ್ರೆ ಲೆಕ್ಕಕ್ಕಿಂತ ಜಾಸ್ತಿ ಖರ್ಚಾಗಿತ್ತು. ರಾತ್ರಿ ಎಬ್ಬಿಸಬಾರದು ಎಂದು ಹೋಂ ನರ್ಸೇ ಕೊಡುತ್ತಿದ್ದರಂತೆ. ಅಂದೇ ಅವರನ್ನು ಕಳಿಸಿದೆವು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಮಾತ್ರೆಗಳು ನಿಮ್ಮ ಬೀರುವಿನಲ್ಲಿರಲಿ. ಆ ದಿನದ್ದು ಮಾತ್ರ ಡಬ್ಬಿಯಲ್ಲಿ ಹೊರಗಿಡಿ. ಇದ್ದಕ್ಕಿದ್ದಂತೆ ಮಂಕಾದರೆ ವಯಸ್ಸಿನ ಮೇಲೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ. ಸೋಂಕು, ಶುಗರ್ ಏರುಪೇರು ಕೂಡ ಹಾಗೇ ಮಾಡುತ್ತದೆ.

ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆ, ಹಿಂದೆ ಕೆಲಸ ಮಾಡಿದ ಎರಡು ಮನೆಯ ಫೋನ್ ನಂಬರ್, ಇಷ್ಟು ಇಲ್ಲದೆ ಒಳಗೆ ಸೇರಿಸಬೇಡಿ. ನಾವು ಕ್ಯಾಮೆರಾ ಕೂಡ ಹಾಕಿಸಿದೆವು. ಹಾಕಿಸಿ, ಒಳ್ಳೆಯದು.

ಅರಕಲಗೂಡು ಕಡೆಯಿಂದ:
ನಾನು ಈ ಕೆಲಸ ಮಾಡುವವಳು. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಹೇಳಲೇಬೇಕು. ಕ್ಯಾಮೆರಾ ಹಾಕುವುದಾದರೆ ನಮಗೆ ಹೇಳಿ ಹಾಕಿ. ಅಜ್ಜಿಗೆ ಬಟ್ಟೆ ಬದಲಿಸುವ, ಮೈ ಒರೆಸುವ ಜಾಗಕ್ಕೆ ಮಾತ್ರ ಬೇಡ. ಅವರ ಮಾನ ದೊಡ್ಡದು.

24 ಗಂಟೆಗೆ ಒಬ್ಬರೇ ಅಂದರೆ ಅದು ಆಗುವ ಕೆಲಸವಲ್ಲ. ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಿದವಳಿಗೆ ಬೆಳಿಗ್ಗೆ ಅಜ್ಜಿಯ ಸೊಂಟ ಹಿಡಿದು ಎತ್ತುವಾಗ ಕೈ ನಡುಗುತ್ತದೆ. ಬೀಳುವುದು ಆಗಲೇ. ಕೆಲವು ಮನೆಗಳಲ್ಲಿ ಎಲ್ಲರ ಬಟ್ಟೆ ಒಗಿ, ಪಾತ್ರೆ ತೊಳಿ ಎಂದೂ ಹೇಳುತ್ತಾರೆ. ಅಷ್ಟರಲ್ಲಿ ಅಜ್ಜಿ ಒದ್ದೆ ಡೈಪರಿನಲ್ಲೇ ಇರುತ್ತಾರೆ. ನಮ್ಮ ಕೆಲಸ ಯಾವುದು, ಮನೆಯವರ ಕೆಲಸ ಯಾವುದು ಎಂದು ಮೊದಲ ದಿನವೇ ಬರೆದುಬಿಡಿ. ವಾರಕ್ಕೊಂದು ರಜ, ಹೊತ್ತಿಗೆ ಸರಿಯಾಗಿ ಊಟ, ಮಲಗಲು ಒಂದು ಜಾಗ ಕೊಡಿ. ಏಜೆನ್ಸಿಗೆ ನೀವು ಕೊಡುವ ದುಡ್ಡಿನಲ್ಲಿ ನಮಗೆ ಎಷ್ಟು ಬರುತ್ತದೆ ಎಂದೂ ಕೇಳಿ. ತಿಂಗಳಿಗೊಬ್ಬರು ಬಿಟ್ಟು ಹೋಗುವುದು ಅಲ್ಲಿಂದಲೇ ಶುರು.

ಸಕಲೇಶಪುರ:
ನಮ್ಮದು ತೋಟದ ಮನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲು ಬರುವುದಿಲ್ಲ. ಬೆಡ್ ಸೋರ್ ಆಗದಿರಲು ಹಾಕುವ ಗಾಳಿ ಹಾಸಿಗೆಯ ಪಂಪ್ ನಿಂತರೆ ಅದರಿಂದ ಉಪಯೋಗವಿಲ್ಲ, ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ. ಕರೆಂಟಿನಲ್ಲಿ ಓಡುವ ಆಕ್ಸಿಜನ್ ಯಂತ್ರ (ಕಾನ್ಸಂಟ್ರೇಟರ್) ಇರುವ ಮನೆಯಲ್ಲಿ ತುಂಬಿದ ಸಿಲಿಂಡರ್ ಜೊತೆಗಿರಲೇಬೇಕು. ಆನೆ ಓಡಾಡುವ ಕಾಲದಲ್ಲಿ ಕತ್ತಲಾದ ಮೇಲೆ ಡ್ಯೂಟಿ ಬದಲಿಸಲು ಯಾರೂ ಬರುವುದಿಲ್ಲ, ಬರಲು ಹೇಳುವುದೂ ತಪ್ಪು. ಹಗಲಲ್ಲೇ ಬದಲಾಗುವ ಹಾಗೆ ಮಾಡಿಕೊಂಡಿದ್ದೇವೆ. ಹಾಸನದೊಳಗೆ ನಿಮಗೆ ಈ ಕಷ್ಟ ಇಲ್ಲ.

ಹಾಸನ, ಇನ್ನೊಬ್ಬರು:
ಏಜೆನ್ಸಿ ಜೊತೆ ಬರಹದಲ್ಲಿ ಒಪ್ಪಂದ, ದುಡ್ಡಿಗೆ ರಸೀದಿ ಇರಲಿ. ಸೇವೆಯಲ್ಲಿ ಲೋಪ ಆದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಹಿರಿಯರ ಸಹಾಯವಾಣಿ 14567, ಅತ್ತೆಗೂ ಆ ನಂಬರ್ ತಿಳಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಗಲಿಗೆ ಒಬ್ಬರು, ರಾತ್ರಿ ನಾವು ಸರದಿ ಎಂದು ಮಾತಾಡಿಕೊಂಡಿದ್ದೇವೆ. ಡ್ರೆಸ್ಸಿಂಗಿಗೆ ನರ್ಸ್ ಬೇರೆ ಬರುತ್ತಾರೆ. ಇನ್ನೊಂದು ಕೇಳಬೇಕಿತ್ತು. ಅತ್ತೆಗೆ ಹಂಡೆ ಬಿಸಿನೀರಿನ ಸ್ನಾನವೇ ಆಗಬೇಕು. ಮಾಡಿಸಬಹುದಾ?

ನಿವೃತ್ತ ಸ್ಟಾಫ್ ನರ್ಸ್, ಹಾಸನ:
ಹೊಲಿಗೆ ನೋಡಿ ಡಾಕ್ಟರು ಹೂಂ ಅನ್ನುವವರೆಗೆ ಮೈ ಒರೆಸಿದರೆ ಸಾಕು. ಆಮೇಲೆ ಮಾಡಿಸಿ, ಆದರೆ ಹಂಡೆಯಿಂದ ನೇರ ಬೇಡ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಮಾಡಿಸುವವರು ಮೊಣಕೈ ಅದ್ದಿ ನೋಡಬೇಕು. ಶುಗರ್ ಇರುವವರ ಪಾದಕ್ಕೆ ಎಷ್ಟೋ ಸಲ ಬಿಸಿ ಗೊತ್ತಾಗುವುದಿಲ್ಲ, ಸುಟ್ಟ ಮೇಲೆ ಬೊಬ್ಬೆ ನೋಡಿಯೇ ತಿಳಿಯುವುದು. ಅಲ್ಲಾಡದ ಎತ್ತರದ ಕುರ್ಚಿ ಹಾಕಿ. ಬಚ್ಚಲ ಗೋಡೆಗೆ ಸ್ಟೀಲ್ ಹಿಡಿಕೆ ಅತ್ತೆ ಮನೆಗೆ ಬರುವ ಮೊದಲೇ ಹಾಕಿಸಿ. ಟವಲ್ ಹಾಕುವ ರಾಡ್ ಅಲ್ಲ, ಮೈಭಾರ ತಡೆಯುವಂಥದ್ದು.